ನಿಮ್ಮ ಶನಿವಾರ ಯಾರಿಗೆ, ನಿಮ್ಮ ದುಡ್ಡು ಯಾರಿಗೆ? ಅಮೆರಿಕದ ಹುಡುಗರ ಮೆಂಟರಿಂಗ್ ಕಾರ್ಯಕ್ರಮಗಳ ಒಂದು ಹೋಲಿಕೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ. ನಾವು ಎಷ್ಟು ಕೊಟ್ಟರೆ ಕಂಪನಿಯವರೂ ಅಷ್ಟೇ ಹಾಕ್ತಾರೆ, ಗಡುವು ಹತ್ತಿರ ಬಂತು, ಇಲ್ಲಿನ ಕಪ್ಪು ಹುಡುಗರ ಮೆಂಟರಿಂಗ್‌ಗೆ ಕೊಡೋಣ ಅಂತಿದ್ದೀವಿ, ಯಾರಿಗೆ ಕೊಡೋದು? ಜನವರಿಯಲ್ಲಿ ಬರುವ ಫೋನು ಬೇರೆ. ಅಮೆರಿಕದಲ್ಲಿ ಅದು ಮೆಂಟರಿಂಗ್ ತಿಂಗಳು, ಅಂದರೆ ಹಿರಿಯರೊಬ್ಬರು ಮಗುವಿನ ಜೊತೆಗಿದ್ದು ದಾರಿ ತೋರುವ ಕೆಲಸಕ್ಕೆ ಮೀಸಲಾದ ತಿಂಗಳು, ಜೊತೆಗೆ ಹೊಸ ವರ್ಷದ ಸಂಕಲ್ಪ ಇನ್ನೂ ಬಿಸಿಯಾಗಿರುತ್ತದೆ. ಮಕ್ಕಳು ಕಾಲೇಜಿಗೆ ಹೋದರು, ಶನಿವಾರ ಖಾಲಿ ಇದೆ, ನಾನೇ ಒಬ್ಬ ಹುಡುಗನಿಗೆ ಮೆಂಟರ್ ಆಗಲಾ? ಮೂರನೆಯದು ಅಪರೂಪಕ್ಕೆ ಬರುವ ಕರೆ. ಪಬ್ಲಿಕ್ ಸ್ಕೂಲಿನಲ್ಲಿ ಪಾಠ ಮಾಡುವ ಕನ್ನಡತಿಯೊಬ್ಬರು, ಒಂಬತ್ತನೇ ತರಗತಿಯ ಹುಡುಗನೊಬ್ಬ ಕೈತಪ್ಪಿ ಹೋಗುತ್ತಿದ್ದಾನೆ, ಎಲ್ಲಿಗೆ ಕಳಿಸಲಿ ಅಂತ ಕೇಳುತ್ತಾರೆ.

ಮೂವರೂ ಕೇಳುವ ಮಾತು ಒಂದೇ: "ಎಲ್ಲಕ್ಕಿಂತ ಒಳ್ಳೆಯ ಕಾರ್ಯಕ್ರಮ ಯಾವುದು?" ಹಾಗೆ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಹುಡುಗ ಎಂಥವನು, ನಿಮ್ಮ ಕೈಯಲ್ಲಿ ಇರುವುದೇನು, ಎಷ್ಟು ದಿನ ಇರುತ್ತೀರಿ ಎಂದು ಗೊತ್ತಾದರೆ ಉತ್ತರ ಬಹುಮಟ್ಟಿಗೆ ತಾನೇ ಬರುತ್ತದೆ.

ಈ ವಿಷಯವನ್ನು ನಾನು ಓದಲು ಶುರು ಮಾಡಿದ್ದು ತಪ್ಪು ಮಾಡಿದ ಮೇಲೆ. ಬಹಳ ವರ್ಷದ ಹಿಂದೆ ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಮೆಂಟರ್ ಆಗಿದ್ದೆ. ಎರಡು ವಾರಕ್ಕೊಂದು ಶನಿವಾರ. ಮೊದಲ ನಾಲ್ಕು ತಿಂಗಳು ಹೂಂ, ಉಹೂಂ ಬಿಟ್ಟರೆ ಅವನು ಮಾತಾಡಲಿಲ್ಲ. ಐದನೇ ತಿಂಗಳಲ್ಲಿ ಒಂದು ದಿನ ಕಳಚಿದ ಸೈಕಲ್ ಚೈನು ಹಾಕುತ್ತಾ, ನನ್ನ ಮುಖ ನೋಡದೆ, ಅವನ ಅಪ್ಪನ ವಿಷಯ ಶುರು ಮಾಡಿದ. ಏಳನೇ ತಿಂಗಳಲ್ಲಿ ನನಗೆ ಬೇರೆ ರಾಜ್ಯದಲ್ಲಿ ಪ್ರಾಜೆಕ್ಟ್ ಸಿಕ್ಕಿತು. ಹೋದೆ. ಫೋನ್ ಮಾಡುತ್ತಿರುತ್ತೇನೆ ಎಂದವನು ಮೂರು ಸಲ ಮಾಡಿದೆ. ಮೂರನೇ ಸಲ ಅವನ ಅಮ್ಮ ಫೋನ್ ಎತ್ತಿ, "ಅವನಿಗೆ ಮಾತಾಡೋದು ಬೇಡವಂತೆ, ತಪ್ಪು ತಿಳ್ಕೋಬೇಡಿ" ಎಂದರು. ತಪ್ಪು ತಿಳಿದುಕೊಳ್ಳುವಂಥದ್ದು ಅವರ ಕಡೆ ಏನೂ ಇರಲಿಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಇದನ್ನು ಸಂಶೋಧಕರು ಅಳೆದೇ ನೋಡಿದ್ದಾರೆ. 2002ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ವರ್ಷಕ್ಕೂ ಮೇಲ್ಪಟ್ಟು ನಡೆದ ಮೆಂಟರ್ ಸಂಬಂಧಗಳಲ್ಲಿ ಮಕ್ಕಳಿಗೆ ಹೆಚ್ಚಿನ ಲಾಭ ಕಂಡಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳ ಆತ್ಮಗೌರವ ಮೊದಲಿದ್ದದ್ದಕ್ಕಿಂತ ಕೆಳಗಿಳಿದಿತ್ತು. ಅಂದರೆ ನಡುನೀರಿನಲ್ಲಿ ಕೈಬಿಡುವ ಮೆಂಟರ್‌ಗಿಂತ ಮೆಂಟರ್ ಇಲ್ಲದಿರುವುದೇ ವಾಸಿ. ಮುಂದಿನದನ್ನೆಲ್ಲ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹೆಸರಿನ ಬಗ್ಗೆ ಒಂದು ಮಾತು

ಈ ಹುಡುಗರನ್ನು ಇಲ್ಲಿನ ಕಾಗದಪತ್ರಗಳಲ್ಲಿ "ಅಟ್ ರಿಸ್ಕ್" ಎನ್ನುತ್ತಿದ್ದರು. ಅಪಾಯ ಹುಡುಗನೊಳಗೇ ಇದೆಯೇನೋ ಎಂಬ ಧ್ವನಿ ಅದರಲ್ಲಿದೆ ಎಂದು ಹಲವರು ತಕರಾರು ತೆಗೆದರು. ಕ್ಯಾಲಿಫೋರ್ನಿಯಾ ತನ್ನ ಶಿಕ್ಷಣ ಸಂಹಿತೆ, ದಂಡ ಸಂಹಿತೆಗಳಲ್ಲಿ 2020ರಿಂದ ಅದನ್ನು "ಅಟ್ ಪ್ರಾಮಿಸ್", ಅಂದರೆ ಭರವಸೆ ಇರುವವರು, ಎಂದು ಬದಲಿಸಿತು. ಪದ ಬದಲಿಸಿದರೆ ಬೀದಿ ಬದಲಾಗದು ಎಂದು ನನಗೂ ಅನಿಸುತ್ತದೆ. ಆದರೂ ತಕರಾರಿನಲ್ಲಿ ಹುರುಳಿದೆ. ನಮ್ಮ ಸಬರ್ಬಿನ ಹುಡುಗನೊಬ್ಬ ಗಾಂಜಾ ಸಮೇತ ಸಿಕ್ಕಿಬಿದ್ದರೆ ಮೊದಲು ವಕೀಲರು ಬರುತ್ತಾರೆ, ಆಮೇಲೆ ಕೌನ್ಸೆಲರ್ ಬರುತ್ತಾರೆ. ಅದೇ ತಪ್ಪಿಗೆ ಇನ್ನೊಂದು ಪಿನ್‌ಕೋಡಿನ ಹುಡುಗನ ಹೆಸರು ಕೋರ್ಟಿನ ದಾಖಲೆ ಸೇರುತ್ತದೆ. ಮೈನಾರಿಟಿ ಎಂಬ ಲೆಕ್ಕದಲ್ಲಿ ನಾವೂ ಇದ್ದೇವೆ, ಅವರೂ ಇದ್ದಾರೆ. ಆದರೆ ಕಪ್ಪು, ಲ್ಯಾಟಿನೊ, ಮೂಲನಿವಾಸಿ ಹುಡುಗರ ಮೇಲೆ ಬೀಳುವ ಭಾರ ನಮ್ಮ ಮಕ್ಕಳ ಮೇಲೆ ಬೀಳುವುದಿಲ್ಲ. ಮೆಂಟರ್ ಆಗಲು ಹೊರಟ ಕನ್ನಡಿಗರು ಇದನ್ನು ಮರೆತು "ನಾವೂ ಕಷ್ಟಪಟ್ಟೇ ಮೇಲೆ ಬಂದವರು" ಎಂದು ಉಪದೇಶಕ್ಕೆ ಕೂತರೆ ಹುಡುಗ ಮಾರನೇ ವಾರ ಬರುವುದಿಲ್ಲ.

ಯಾವುದರಿಂದ ಅಳೆಯಬೇಕು

ನಾನು ಐದು ವಿಷಯ ನೋಡುತ್ತೇನೆ. ಒಂದು, ಹುಡುಗನ ವಯಸ್ಸೆಷ್ಟು, ಅವನು ಎಷ್ಟು ಆಳಕ್ಕೆ ಇಳಿದಿದ್ದಾನೆ. ಶಾಲೆ ತಪ್ಪಿಸುವ ಹತ್ತು ವರ್ಷದವನಿಗೂ ಪ್ರೊಬೇಷನ್ ಮೇಲಿರುವ, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿ ಹೊರಗಿರುವ, ಹತ್ತೊಂಬತ್ತರವನಿಗೂ ಒಂದೇ ಮದ್ದು ನಡೆಯುವುದಿಲ್ಲ. ಎರಡು, ಸಂಬಂಧ ಎಷ್ಟು ಕಾಲ ನಡೆಯುತ್ತದೆ, ಮೆಂಟರ್ ಬಿಟ್ಟುಹೋದರೆ ಏನು ವ್ಯವಸ್ಥೆ. ಮೂರು, ಮೆಂಟರ್ ಯಾರು: ಬಿಡುವಿನಲ್ಲಿ ಬರುವ ಸ್ವಯಂಸೇವಕರೋ, ಸಂಬಳ ಪಡೆಯುವವರೋ, ಅದೇ ಬೀದಿಯಲ್ಲಿ ಬಿದ್ದು ಎದ್ದವರೋ. ನಾಲ್ಕು, ಕೂತಾಗ ಮಾಡುವುದೇನು. ಸುಮ್ಮನೆ ಪಿಜ್ಜಾ ತಿನ್ನುವುದಕ್ಕೂ ಅದರ ಬೆಲೆ ಇದೆ, ಆದರೆ ಅದೊಂದೇ ಸಾಲದ ಹುಡುಗರಿದ್ದಾರೆ.

ಐದನೆಯದು ಪುರಾವೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಎಲ್ಲರೂ ಇಲ್ಲೇ ಮೋಸಹೋಗುವುದು. 1939ರಿಂದ 1945ರವರೆಗೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್, ಸೊಮರ್‌ವಿಲ್‌ಗಳಲ್ಲಿ 506 ಹುಡುಗರನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾರ್ಗದರ್ಶನ, ಮನೆಭೇಟಿ, ಪಾಠ, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ, ಅಷ್ಟು ಹೊತ್ತಿಗೆ ನಡುವಯಸ್ಸಿನ ಗಂಡಸರು, ಹುಡುಕಿ ತೆಗೆದರು. ಪತ್ರ ಬರೆದು ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ "ನಮಗೆ ಒಳ್ಳೆಯದಾಯಿತು" ಎಂದರು. ದಾಖಲೆಗಳು ಬೇರೆ ಕತೆ ಹೇಳಿದವು. ಕುಡಿತ, ಮಾನಸಿಕ ಕಾಯಿಲೆ, ಮತ್ತೆ ಮತ್ತೆ ಅಪರಾಧ ಮಾಡುವುದು, ಬೇಗ ಸಾಯುವುದು ಹೀಗೆ ಹಲವು ಅಳತೆಗಳಲ್ಲಿ ನೆರವು ಪಡೆದವರ ಗತಿಯೇ ಕೆಟ್ಟದಾಗಿತ್ತು. ಮುಂದಿನ ವಿಶ್ಲೇಷಣೆಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದವರಲ್ಲೇ ಹಾನಿ ಎದ್ದು ಕಂಡಿತು. ದಾರಿ ತಪ್ಪಿದ ಹುಡುಗರನ್ನು ಒಂದೇ ಕಡೆ ಗುಂಪು ಹಾಕಿ ಬಿಟ್ಟರೆ ಅವರು ಒಬ್ಬರಿಂದೊಬ್ಬರು ಕಲಿಯುವುದು ಏನೆಂದು ಹೇಳಬೇಕಾಗಿಲ್ಲ.

ಹಾಗಾಗಿ ಯಾವುದೇ ಸಂಸ್ಥೆ "ನಮ್ಮ ಹುಡುಗರಲ್ಲಿ ನೂರಕ್ಕೆ ತೊಂಬತ್ತು ಜನ ಪಾಸಾದರು" ಎಂದರೆ, ಯಾರಿಗೆ ಹೋಲಿಸಿ ಎಂದು ಕೇಳಿ. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಒಳಗೆ, ಅರ್ಧ ಮಕ್ಕಳನ್ನು ಹೊರಗೆ ಇಟ್ಟು ನೋಡಿದ ಅಧ್ಯಯನಕ್ಕೆ ಇರುವ ತೂಕ ಫೋಟೋಗಳಿಗೂ ಕಣ್ಣೀರಿನ ಕತೆಗಳಿಗೂ ಇಲ್ಲ.

ಒಬ್ಬನಿಗೊಬ್ಬರು: ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್

ಎಲ್ಲರಿಗೂ ಗೊತ್ತಿರುವ ಹೆಸರು. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬರುವ ಹುಡುಗರಿಗೆ ಒಬ್ಬೊಬ್ಬ ಹಿರಿಯರನ್ನು ಜೊತೆ ಮಾಡೋಣ ಎಂದು ಶುರು ಮಾಡಿದ್ದು. ಇಂದಿಗೂ ಕ್ರಮ ಸರಳ: ತಿಂಗಳಿಗೆ ಎರಡರಿಂದ ನಾಲ್ಕು ಸಲ, ಸಲಕ್ಕೆ ಕೆಲವು ಗಂಟೆ, ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ಮಾತು. ಪೊಲೀಸ್ ದಾಖಲೆ ಪರಿಶೀಲನೆ, ಸಂದರ್ಶನ, ಪರಿಚಿತರ ಶಿಫಾರಸು ಎಲ್ಲ ಇರುತ್ತದೆ. ತಿಂಗಳಾನುಗಟ್ಟಲೆ ಕಾಯಿಸುತ್ತಾರೆ ಎಂದು ಗೊಣಗಬೇಡಿ. ಮಕ್ಕಳ ವಿಷಯದಲ್ಲಿ ಕಾಯಿಸದ ಸಂಸ್ಥೆಯ ಬಗ್ಗೆ ಅನುಮಾನ ಪಡಿ.

ಪುರಾವೆ ಗಟ್ಟಿಯಾಗಿದೆ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ಕಡೆಯ 959 ಮಕ್ಕಳನ್ನು, 10ರಿಂದ 16 ವರ್ಷದವರು, ಚೀಟಿ ಎತ್ತಿ ಎರಡು ಭಾಗ ಮಾಡಿದ್ದರು. ಹದಿನೆಂಟು ತಿಂಗಳ ಮೇಲೆ ನೋಡಿದಾಗ ಮೆಂಟರ್ ಸಿಕ್ಕವರು ಹೊಸದಾಗಿ ಮಾದಕವಸ್ತು ಶುರು ಮಾಡುವ ಸಾಧ್ಯತೆ ಶೇ. 46 ಕಡಿಮೆ, ಕುಡಿತ ಶುರು ಮಾಡುವುದು ಶೇ. 27 ಕಡಿಮೆ, ಶಾಲೆ ತಪ್ಪಿಸಿದ ದಿನಗಳು ಹೆಚ್ಚುಕಡಿಮೆ ಅರ್ಧ. ಮೈನಾರಿಟಿ ಮಕ್ಕಳಲ್ಲಿ ಮಾದಕವಸ್ತುವಿನ ವಿಷಯದ ಇಳಿಕೆ ಶೇ. 70ರಷ್ಟಿತ್ತು.

"ನಾನು ಕಪ್ಪಿನವನಲ್ಲ, ನನ್ನ ಇಂಗ್ಲಿಷಿನ ಉಚ್ಚಾರಣೆಯೇ ಬೇರೆ, ಆ ಹುಡುಗನಿಗೆ ನಾನು ಆಗಿಬರುತ್ತೇನಾ?" ಎಂದು ಕೇಳುವವರಿಗೆ: ಮೆಂಟರೂ ಮಗುವೂ ಒಂದೇ ಜನಾಂಗದವರಾಗಿದ್ದರೆ ಫಲ ಹೆಚ್ಚು ಎಂದು ಅಧ್ಯಯನಗಳಲ್ಲಿ ಒಂದೇ ಸಮನಾಗಿ ಕಂಡುಬಂದಿಲ್ಲ. ನಂಬಿಕೆ ಎಷ್ಟು ಬೆಳೆಯಿತು, ಎಷ್ಟು ದಿನ ಉಳಿಯಿತು ಎಂಬುದೇ ಹೆಚ್ಚು ಮುಖ್ಯ. ಕೆಲವು ಹುಡುಗರಿಗೆ ಮಾತ್ರ ತನ್ನ ಬಣ್ಣದ ಗಂಡಸೇ ಬೇಕು. ಅದನ್ನು ಹುಡುಗನನ್ನೂ ಅವನ ಅಮ್ಮನನ್ನೂ ಕೇಳಿ ತಿಳಿದುಕೊಳ್ಳುವ ಏಜೆನ್ಸಿ ಒಳ್ಳೆಯದು.

ಗಂಡಸು ಸ್ವಯಂಸೇವಕರ ಕೊರತೆಯಿಂದ ಕಾಯುವ ಪಟ್ಟಿಯಲ್ಲಿ ಹುಡುಗರೇ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬ ಹುಡುಗನಿಗೆ ಮೆಂಟರ್ ಆಗುವ ಅವಕಾಶ ಹಲವು ಕಡೆ ಇದೆ. ನನಗೆ ಇದು ಬಹಳ ಹಿಡಿಸಿದ ಏರ್ಪಾಡು, ಒಬ್ಬರಿಗೆ ಆಫೀಸಿನ ಕರೆ ಬಂದರೂ ಶನಿವಾರ ತಪ್ಪುವುದಿಲ್ಲ.

ಮಿತಿ ಏನು? ಗ್ಯಾಂಗಿನೊಳಗೆ ಆಗಲೇ ಕಾಲಿಟ್ಟವನಿಗೆ, ಬಂದೂಕು ಹಿಡಿದವನಿಗೆ ತಿಂಗಳಿಗೆ ಎರಡು ಭೇಟಿ ಸಾಲದು. ಇದು ಇನ್ನೂ ದಾರಿಯ ಮೇಲೆ ಇರುವವನನ್ನು ದಾರಿಯಲ್ಲೇ ಉಳಿಸುವ ಕ್ರಮ.

ಇದರ ಇನ್ನೊಂದು ರೂಪ ಶಾಲೆಯಲ್ಲೇ, ಊಟದ ಬಿಡುವಿನಲ್ಲಿ, ವಾರಕ್ಕೆ ಒಂದು ಗಂಟೆ ಕೂರುವುದು. ಕಾರು ಓಡಿಸಬೇಕಿಲ್ಲ, ಮನೆಗೆ ಹೋಗಬೇಕಿಲ್ಲ, ಕಂಪನಿಗಳಿಗೆ ಬಲು ಇಷ್ಟ. 2007ರಲ್ಲಿ ಪ್ರಕಟವಾದ, 1,139 ಮಕ್ಕಳ ಅಧ್ಯಯನದಲ್ಲಿ ಮೊದಲ ವರ್ಷದ ಕೊನೆಗೆ ಓದು ಸುಧಾರಿಸಿತ್ತು. ಎರಡನೇ ವರ್ಷದ ಹೊತ್ತಿಗೆ ಅದರಲ್ಲಿ ಬಹುಪಾಲು ಆವಿಯಾಗಿತ್ತು. ಬೇಸಿಗೆ ರಜೆ ಬಂದ ಕೂಡಲೇ ಮೆಂಟರೂ ಮಾಯವಾದರೆ ಇನ್ನೇನಾದೀತು. ಇದನ್ನೇ ಆರಿಸುವುದಾದರೆ ರಜೆಯಲ್ಲೂ ಭೇಟಿ ಮುಂದುವರಿಸುವ ಶಾಲೆಯನ್ನು ಹುಡುಕಿ.

ಗುಂಪಿನಲ್ಲಿ, ಶಾಲೆಯೊಳಗೆ: ಬಿಕಮಿಂಗ್ ಎ ಮ್ಯಾನ್

ಷಿಕಾಗೋದ ಯೂತ್ ಗೈಡೆನ್ಸ್ ಸಂಸ್ಥೆಯ ಈ ಕಾರ್ಯಕ್ರಮವನ್ನು ಎಲ್ಲರೂ ಬ್ಯಾಮ್ ಎಂದೇ ಕರೆಯುವುದು. ಹುಡುಗರು ವಾರಕ್ಕೊಮ್ಮೆ ಒಂದು ಪೀರಿಯಡ್ ತಪ್ಪಿಸಿ ವೃತ್ತಾಕಾರದಲ್ಲಿ ಕೂರುತ್ತಾರೆ. ಪೀರಿಯಡ್ ತಪ್ಪುತ್ತದೆ ಎಂಬುದೇ ಮೊದಲ ಆಕರ್ಷಣೆ, ಸಂಸ್ಥೆಯವರೂ ಅದನ್ನು ಮುಚ್ಚಿಡುವುದಿಲ್ಲ. ನಡೆಸುವವರು ಸಂಬಳದ ಕೌನ್ಸೆಲರ್‌ಗಳು, ಬಹುತೇಕ ಹುಡುಗರ ಹಿನ್ನೆಲೆಯಿಂದಲೇ ಬಂದವರು.

ಇವರ ಮೊದಲ ದಿನದ ಆಟ ಪ್ರಸಿದ್ಧ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಮೂವತ್ತು ಸೆಕೆಂಡಿನಲ್ಲಿ ಇನ್ನೊಬ್ಬ ಅದನ್ನು ಪಡೆಯಬೇಕು. ಮುಷ್ಟಿ ಬಿಡಿಸುವುದು, ಕೈ ತಿರುಚುವುದು, ನೆಲಕ್ಕೆ ಕೆಡವುವುದು ಎಲ್ಲ ನಡೆಯುತ್ತದೆ. ಮುಗಿದ ಮೇಲೆ ಕೌನ್ಸೆಲರ್ ಕೇಳುತ್ತಾರೆ, ಯಾರೂ ಬಾಯಿಬಿಟ್ಟು ಕೇಳಲಿಲ್ಲ ಏಕೆ? ಕೇಳಿದ್ದರೆ ನನ್ನನ್ನು ಅಂಜುಬುರುಕ ಅಂದುಕೊಳ್ಳುತ್ತಿದ್ದ ಎನ್ನುತ್ತಾನೆ ಒಬ್ಬ. ಕೌನ್ಸೆಲರ್ ಚೆಂಡು ಹಿಡಿದವನ ಕಡೆ ತಿರುಗುತ್ತಾರೆ: ಕೇಳಿದ್ದರೆ ಕೊಡ್ತಿದ್ದೆಯಾ? ಕೊಡ್ತಿದ್ದೆ, ಚೆಂಡು ತಾನೇ ಎನ್ನುತ್ತಾನೆ ಅವನು.

ಬ್ಯಾಮ್‌ನ ಇಡೀ ವಿಧಾನ ಈ ಆಟದೊಳಗಿದೆ. ಬೀದಿಯಲ್ಲಿ ತಟ್ಟನೆ ಎದುರು ನಿಲ್ಲುವುದು ಮೂರ್ಖತನವಲ್ಲ; ಎಷ್ಟೋ ಸಲ ಅದು ಜೀವ ಉಳಿಸುವ ಅಭ್ಯಾಸ. ಆದರೆ ಅದೇ ಅಭ್ಯಾಸ ತರಗತಿಯಲ್ಲಿ ಮೇಷ್ಟ್ರ ಮುಂದೆ ಹೊರಬಂದರೆ ಸಸ್ಪೆನ್ಷನ್, ಪೊಲೀಸರ ಮುಂದೆ ಬಂದರೆ ಬೇಡಿ. ಒಂದು ಕ್ಷಣ ತಡೆದು, ಇದು ಯಾವ ಜಾಗ, ಇಲ್ಲಿ ಏನು ನಡೆಯುತ್ತಿದೆ ಎಂದು ಯೋಚಿಸುವುದನ್ನು ರೂಢಿಮಾಡಿಸುತ್ತಾರೆ. ಮನಶ್ಶಾಸ್ತ್ರದ ವರ್ತನಾ ಚಿಕಿತ್ಸೆಯನ್ನೇ ಹುಡುಗರ ಭಾಷೆಗೆ ಇಳಿಸಿದ್ದಾರೆ.

ಷಿಕಾಗೋ ವಿಶ್ವವಿದ್ಯಾಲಯದ ಕ್ರೈಮ್ ಲ್ಯಾಬ್ ಇದನ್ನು ಚೀಟಿ ಎತ್ತುವ ಕ್ರಮದಲ್ಲೇ ಎರಡು ಸಲ ಪರೀಕ್ಷಿಸಿತು, 2009-10ರಲ್ಲಿ 2,740 ಹುಡುಗರ ಮೇಲೆ, 2013-15ರಲ್ಲಿ 2,064 ಹುಡುಗರ ಮೇಲೆ. ಕಾರ್ಯಕ್ರಮ ನಡೆಯುವಾಗ ಬಂಧನಗಳು ಶೇ. 28ರಿಂದ 35ರಷ್ಟು, ಹಿಂಸಾಚಾರದ ಬಂಧನಗಳು ಶೇ. 45ರಿಂದ 50ರಷ್ಟು ಇಳಿದವು. ಮೊದಲ ಅಧ್ಯಯನದ ಹುಡುಗರಲ್ಲಿ ಹೈಸ್ಕೂಲು ಮುಗಿಸುವವರ ಪ್ರಮಾಣ ಶೇ. 12ರಿಂದ 19ರಷ್ಟು ಏರಿತು. ಖರ್ಚು ಒಬ್ಬನಿಗೆ ವರ್ಷಕ್ಕೆ ಸುಮಾರು 1,100ರಿಂದ 1,850 ಡಾಲರ್. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಫಲ ತೋರಿಸಿದ್ದು ನನ್ನ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಕೊರತೆಯನ್ನೂ ಹೇಳಬೇಕು. ಮೊದಲ ಅಧ್ಯಯನದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಬಂಧನಗಳ ಇಳಿಕೆ ಉಳಿಯಲಿಲ್ಲ; ಶಾಲೆಯ ಲಾಭ ಉಳಿಯಿತು. ಇನ್ನೊಂದು, ಶಾಲೆಗೆ ಬಾರದ ಹುಡುಗನಿಗೆ ಇದು ಸಿಗುವುದೇ ಇಲ್ಲ. ನೀವು ಶನಿವಾರ ಹೋಗಿ ಸೇರಿಕೊಳ್ಳುವಂಥದ್ದೂ ಅಲ್ಲ. ನಿಮ್ಮಿಂದ ಇಲ್ಲಿಗೆ ಬೇಕಾಗಿರುವುದು ಚೆಕ್ಕು.

ಅದೇ ಬೀದಿಯಿಂದ ಬಂದವರು

ಹದಿನೇಳು, ಹದಿನೆಂಟು, ಇಪ್ಪತ್ತರ ಹುಡುಗ. ಕೋರ್ಟು ನೋಡಿದವನು, ಬಹುಶಃ ಒಳಗೆ ಹೋಗಿ ಬಂದವನು. ಇವನಿಗೆ ನನ್ನಂಥ ಸಾಫ್ಟ್‌ವೇರ್‌ನವನು ಏನು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ. ತಾನೇ ಜೈಲು ಕಂಡು, ಬದಲಾಗಿ, ಅದೇ ಬೀದಿಗೆ ವಾಪಸು ಬಂದವರನ್ನು ಮೆಂಟರ್ ಮಾಡಿದರೆ ಅವನು ಕಿವಿಗೊಡುತ್ತಾನೆ. ಇಲ್ಲಿ ಅವರನ್ನು ಕ್ರೆಡಿಬಲ್ ಮೆಸೆಂಜರ್ ಎನ್ನುತ್ತಾರೆ. ನಂಬಬಹುದಾದ ಮಾತುಗಾರ ಎಂದುಕೊಳ್ಳಿ.

ನ್ಯೂಯಾರ್ಕ್ ನಗರದ ಪ್ರೊಬೇಷನ್ ಇಲಾಖೆ 2012ರಲ್ಲಿ ಶುರು ಮಾಡಿದ ಆರ್ಚೆಸ್ ಇದರ ಚೆನ್ನಾದ ಮಾದರಿ. 16ರಿಂದ 24ರ ವಯಸ್ಸಿನವರು, ಗುಂಪಿನಲ್ಲಿ ಕೂತು ತಮ್ಮ ಬದುಕಿನ ಬಗ್ಗೆ ಪುಸ್ತಕದಲ್ಲಿ ಬರೆಯುತ್ತಾ ಮಾತಾಡುತ್ತಾರೆ. ಊಟ ಇರುತ್ತದೆ, ಬಂದವರಿಗೆ ಒಂದಿಷ್ಟು ಭತ್ಯೆ ಇರುತ್ತದೆ, ಮೆಂಟರ್ ಫೋನಿಗೆ ಹೊತ್ತುಗೊತ್ತಿಲ್ಲದೆ ಸಿಗುತ್ತಾರೆ. 2018ರಲ್ಲಿ ಅರ್ಬನ್ ಇನ್ಸ್ಟಿಟ್ಯೂಟ್ ಮಾಡಿದ ಮೌಲ್ಯಮಾಪನದಲ್ಲಿ, ಹೋಲುವ ಬೇರೆ ಯುವಕರಿಗಿಂತ ಇವರಲ್ಲಿ ಗಂಭೀರ ಅಪರಾಧಕ್ಕೆ ಮತ್ತೆ ಶಿಕ್ಷೆಯಾಗುವುದು ಒಂದು ವರ್ಷದಲ್ಲಿ ಶೇ. 69, ಎರಡು ವರ್ಷದಲ್ಲಿ ಶೇ. 57 ಕಡಿಮೆ ಇತ್ತು. ಇದು ಚೀಟಿ ಎತ್ತಿ ಮಾಡಿದ ಹೋಲಿಕೆಯಲ್ಲ, ಹಾಗಾಗಿ ಅಂಕಿಯನ್ನು ಸ್ವಲ್ಪ ತಗ್ಗಿಸಿಯೇ ಓದಿ. ಲಾಭ ಬಹುಪಾಲು ಕಂಡದ್ದೂ ಗುಂಪಿನ ಕಿರಿಯರಲ್ಲಿ.

ಇದೇ ಸಾಲಿಗೆ 1975ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಯೂತ್ ಅಡ್ವೊಕೇಟ್ ಪ್ರೋಗ್ರಾಮ್ಸ್ ಸೇರುತ್ತದೆ. ಹುಡುಗನ ಅಕ್ಕಪಕ್ಕದ ಬಡಾವಣೆಯವರನ್ನೇ ಸಂಬಳಕ್ಕೆ ತೆಗೆದುಕೊಂಡು, ಬಂಧನಗೃಹಕ್ಕೆ ಬದಲಾಗಿ ಮನೆಯಲ್ಲೇ ಇಟ್ಟು ಜೊತೆಗಿರುವ ಕ್ರಮ ಅವರದು. ಮ್ಯಾಸಚೂಸೆಟ್ಸ್‌ನ ಚೆಲ್ಸಿಯಲ್ಲಿ 1988ರಲ್ಲಿ ಶುರುವಾದ ರೋಕಾ ಇನ್ನೂ ಹಟಮಾರಿ. ಬಾಗಿಲು ಹಾಕಿಕೊಂಡ ಯುವಕನ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ, ಬೈಸಿಕೊಂಡರೂ ಹೋಗುತ್ತಾರೆ. ಅವನು ಮತ್ತೆ ತಪ್ಪಿದರೂ ಹೆಸರು ಹೊಡೆದುಹಾಕುವುದಿಲ್ಲ.

ದುಬಾರಿಯಲ್ಲವೇ ಎಂದರೆ, ಹೌದು. ಆದರೆ ಬಾಲಾಪರಾಧಿಯೊಬ್ಬನನ್ನು ಬಂಧನದಲ್ಲಿಡಲು ರಾಜ್ಯಗಳು ಸರಾಸರಿ ದಿನಕ್ಕೆ 588 ಡಾಲರ್ ಖರ್ಚು ಮಾಡುತ್ತಿದ್ದವು ಎಂಬುದು 2020ರ ಒಂದು ಲೆಕ್ಕ. ವರ್ಷಕ್ಕೆ ಎರಡು ಲಕ್ಷ ಡಾಲರ್ ದಾಟಿತು. ನಿಜವಾದ ತೊಂದರೆ ಬೇರೆ ಕಡೆ ಇದೆ. ಹಳೆಯ ಪೊಲೀಸ್ ದಾಖಲೆ ಇರುವ ಮೆಂಟರ್‌ಗಳಿಗೆ ದುಡ್ಡು ಕೊಡಲು ಕಂಪನಿಗಳು ಹಿಂಜರಿಯುತ್ತವೆ, ದೇಣಿಗೆ ಕೊಡುವವರೂ ಹಿಂಜರಿಯುತ್ತಾರೆ, ಸರ್ಕಾರ ಬದಲಾದರೆ ಅನುದಾನ ಅಲ್ಲಾಡುತ್ತದೆ. ಹಾಗಾಗಿ ಬಿಡಿ ದೇಣಿಗೆಯ ಬೆಲೆ ಇಲ್ಲಿ ಹೆಚ್ಚು.

ಹನ್ನೆರಡು ವರ್ಷದ ಗೆಳೆಯ

ಫ್ರೆಂಡ್ಸ್ ಆಫ್ ದಿ ಚಿಲ್ಡ್ರನ್, 1993, ಒರೆಗಾನಿನ ಪೋರ್ಟ್‌ಲೆಂಡ್. ಆರೇಳು ವರ್ಷ ತುಂಬುವ ಮುಂಚೆಯೇ ಬಹಳ ಕಷ್ಟದಲ್ಲಿರುವ ಮಕ್ಕಳನ್ನು ಆರಿಸಿ, ಹನ್ನೆರಡನೇ ತರಗತಿ ಮುಗಿಯುವವರೆಗೆ ಜೊತೆಗಿರುತ್ತಾರೆ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಇದ್ದಾರೆ. ಮೆಂಟರ್‌ಗೆ ಇದೇ ಉದ್ಯೋಗ, ಒಬ್ಬರಿಗೆ ಬೆರಳೆಣಿಕೆಯ ಮಕ್ಕಳು, ಪ್ರತಿ ಮಗುವಿಗೂ ವಾರಕ್ಕೆ ಮೂರ್ನಾಲ್ಕು ಗಂಟೆ. ನಡುನೀರಿನಲ್ಲಿ ಕೈಬಿಡಬಾರದು ಎಂಬ ನನ್ನ ಅಳತೆಗೆ ಇದಕ್ಕಿಂತ ಹತ್ತಿರ ಬರುವುದು ಯಾವುದೂ ಇಲ್ಲ. ಖರ್ಚು ಮಗುವಿಗೆ ವರ್ಷಕ್ಕೆ ಸಾವಿರಾರು ಡಾಲರ್, ಅದೂ ಹನ್ನೆರಡು ವರ್ಷ. ಹೀಗಾಗಿ ತಲುಪುವುದು ಕೆಲವೇ ಮಕ್ಕಳನ್ನು, ಅದೂ ಕೆಲವೇ ಊರುಗಳಲ್ಲಿ. ಒಮ್ಮೆ ಕೊಟ್ಟು ಸುಮ್ಮನಾಗುವ ದೇಣಿಗೆಗಿಂತ ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುವವರಿಗೆ ಇದು ಹೊಂದುತ್ತದೆ.

ಇನ್ನು ಕೆಲವು

ಹಂಡ್ರೆಡ್ ಬ್ಲ್ಯಾಕ್ ಮೆನ್ 1963ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಈಗ ಹಲವು ಊರುಗಳಲ್ಲಿ ಶಾಖೆ ಹೊಂದಿದೆ. ವಕೀಲರು, ವೈದ್ಯರು, ವ್ಯಾಪಾರಿಗಳಾದ ಕಪ್ಪು ಗಂಡಸರು ಹುಡುಗರನ್ನು ಗುಂಪಾಗಿ ಕೂರಿಸಿಕೊಂಡು ಓದು, ಹಣಕಾಸು, ಕಾಲೇಜಿನ ದಾರಿ ತೋರಿಸುತ್ತಾರೆ. ಲ್ಯಾಟಿನೊ ಹುಡುಗರಿಗೆ ನ್ಯಾಷನಲ್ ಕಂಪಾದ್ರೆಸ್ ನೆಟ್‌ವರ್ಕ್ ತಮ್ಮದೇ ಸಂಸ್ಕೃತಿಯ ಕಟ್ಟಿನಲ್ಲಿ ಇಂಥದ್ದೇ ಕೆಲಸ ಮಾಡುತ್ತದೆ. ಚೀಟಿ ಎತ್ತಿದ ಅಧ್ಯಯನಗಳ ಬಲ ಇವಕ್ಕೆ ಕಡಿಮೆ. ಆದರೆ ತನ್ನಂತೆ ಕಾಣುವ ಡಾಕ್ಟರನ್ನು ಹತ್ತಿರದಿಂದ ನೋಡುವುದಕ್ಕೆ ಬದಲಿ ಇಲ್ಲ. ಇಲ್ಲಿ ನಮ್ಮ ಪಾತ್ರ ಹಿಂದಿನ ಸಾಲಿನದು: ನಿಮ್ಮ ಆಫೀಸು ತೋರಿಸಲು ಕರೆದುಕೊಂಡು ಹೋಗಿ, ಇಂಟರ್ನ್‌ಶಿಪ್ ಕೊಡಿಸಿ, ಖರ್ಚಿಗೆ ಕೈಜೋಡಿಸಿ.

ಬೇಸಿಗೆ ಕೆಲಸ ಕೊಟ್ಟು ಜೊತೆಗೆ ಮೆಂಟರ್ ಕೊಡುವ ಕ್ರಮವನ್ನು ಜನ ಕಡೆಗಣಿಸುತ್ತಾರೆ. ಷಿಕಾಗೋದಲ್ಲಿ 2012ರಲ್ಲಿ, ಹಿಂಸೆ ಹೆಚ್ಚಿದ್ದ ಬಡಾವಣೆಗಳ ಶಾಲೆಗಳ 1,634 ಹದಿಹರೆಯದವರ ನಡುವೆ ಚೀಟಿ ಎತ್ತಿ ಕೆಲವರಿಗೆ ಎಂಟು ವಾರದ ಅರೆಕಾಲಿಕ ಕೆಲಸ, ಜೊತೆಗೆ ಒಬ್ಬ ಹಿರಿಯರನ್ನು ಕೊಟ್ಟರು. ಮುಂದಿನ ಹದಿನಾರು ತಿಂಗಳಲ್ಲಿ ಹಿಂಸಾಚಾರದ ಬಂಧನಗಳು ಶೇ. 43 ಕಡಿಮೆಯಾದವು, ಅದರಲ್ಲಿ ಬಹುಪಾಲು ಇಳಿಕೆ ಕೆಲಸ ಮುಗಿದ ಮೇಲೆ. ಒಬ್ಬರಿಗೆ ಖರ್ಚು ಸುಮಾರು 3,000 ಡಾಲರ್. ಮೆಂಟರಿಂಗ್ ಎಂದರೆ ಮೂಗು ಮುರಿಯುವ ಹುಡುಗ ಕೂಡ ಸಂಬಳ ಎಂದರೆ ಬರುತ್ತಾನೆ. ಸ್ವಂತ ಅಂಗಡಿ, ಮೋಟೆಲ್, ಕ್ಲಿನಿಕ್ ಇರುವವರು ನಗರದ ಬೇಸಿಗೆ ಉದ್ಯೋಗ ಯೋಜನೆಗೆ ಹೆಸರು ಕೊಟ್ಟು ಒಬ್ಬನನ್ನು ತೆಗೆದುಕೊಂಡರೆ ಸಾವಿರ ಡಾಲರ್ ದೇಣಿಗೆಗಿಂತ ಹೆಚ್ಚು ಕೆಲಸವಾಗುತ್ತದೆ.

ಮೈ ಬ್ರದರ್ಸ್ ಕೀಪರ್‌ಗೆ ಕೊಡಬಹುದಾ ಎಂದು ಬಹಳ ಜನ ಕೇಳುತ್ತಾರೆ. ಒಬಾಮಾ 2014ರ ಫೆಬ್ರುವರಿ 27ರಂದು ಶುರು ಮಾಡಿದ್ದು, ಈಗ ಅವರ ಪ್ರತಿಷ್ಠಾನದಡಿ ಇದೆ. ಅದು ಒಂದು ಕಾರ್ಯಕ್ರಮವಲ್ಲ, ಊರೂರಿನ ಕಾರ್ಯಕ್ರಮಗಳನ್ನು ಒಂದು ಕೊಡೆಯಡಿ ತರುವ ಜಾಲ. ನಿಮ್ಮ ಊರಿನಲ್ಲಿ ಅದರಡಿ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿಯಲು ಒಳ್ಳೆಯ ಬಾಗಿಲು.

ಒಂದಕ್ಕೆ ಮಾತ್ರ ಖಡಾಖಂಡಿತ ಬೇಡ ಎನ್ನುತ್ತೇನೆ. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಕೆ ಹಾಕಿಸುವ "ಸ್ಕೇರ್ಡ್ ಸ್ಟ್ರೇಟ್" ಬಗೆಯವು. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಹುಟ್ಟಿದ್ದು. ನಮ್ಮ ಕಡೆಯ ಅಪ್ಪಂದಿರಿಗೆ ಕೇಳಿದ ಕೂಡಲೇ ಹಿಡಿಸುತ್ತದೆ, ಎರಡು ಬಿಟ್ಟರೆ ಬುದ್ಧಿ ಬರುತ್ತದೆ ಎಂಬ ಮಾತಿನಲ್ಲಿ ಬೆಳೆದವರಲ್ಲವೇ. ಚೀಟಿ ಎತ್ತಿ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಹೀಗೆ ಹೋಗಿಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು.

ಹಾಗಾದರೆ ನೀವು

ಮನೆ, ಕೆಲಸ ನೆಲೆಯಾಗಿದೆ, ಎರಡು ವರ್ಷ ಊರು ಬಿಡುವುದಿಲ್ಲ, ಮಾತಿಗಿಂತ ಕೇಳುವುದು ನಿಮಗೆ ಸುಲಭ: ಬಿಗ್ ಬ್ರದರ್ಸ್‌ಗೆ ಅರ್ಜಿ ಹಾಕಿ, ದಂಪತಿಯಾಗಿ ಹಾಕಿದರೆ ಇನ್ನೂ ಒಳ್ಳೆಯದು. ಈ ಓಡಾಟದ ಪೆಟ್ರೋಲಿಗೆ ಮೈಲಿಗೆ 14 ಸೆಂಟಿನಂತೆ ತೆರಿಗೆಯಲ್ಲಿ ತೋರಿಸಬಹುದು, ವಿನಾಯಿತಿಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವವರಾದರೆ. ನಿಮ್ಮ ಸಮಯಕ್ಕೆ ಬೆಲೆ ಕಟ್ಟುವ ಹಾಗಿಲ್ಲ.

ವೀಸಾದ ಮೇಲಿದ್ದೀರಿ, ಪ್ರಾಜೆಕ್ಟ್ ಯಾವಾಗ ಬೇಕಾದರೂ ಬದಲಾಗಬಹುದು: ದಯವಿಟ್ಟು ಒಬ್ಬನ ಜೊತೆ ಒಬ್ಬರಾಗುವ ಕಡೆ ಹೋಗಬೇಡಿ. ನಾನು ಹೋಗಿ ಕೆಡಿಸಿದ್ದು ಅದನ್ನೇ. ವಾರಾಂತ್ಯದ ಪಾಠ, ಕೆಲಸದ ಸಂದರ್ಶನದ ಅಭ್ಯಾಸ, ಸಂಸ್ಥೆಯ ಲೆಕ್ಕಪತ್ರ ಅಥವಾ ಕಂಪ್ಯೂಟರ್ ಕೆಲಸ ಮಾಡಿಕೊಡಿ. ಅಂಥ ಕೆಲಸವನ್ನು ನೀವು ಬಿಟ್ಟರೆ ಯಾವ ಹುಡುಗನೂ ರಾತ್ರಿ ಅದನ್ನು ನೆನೆದು ಮಲಗುವುದಿಲ್ಲ. ಗೌರವಧನ ಕೊಡುತ್ತಾರೆಂದರೆ ಒಪ್ಪುವ ಮುಂಚೆ ವಲಸೆ ವಕೀಲರನ್ನು ಕೇಳಿ.

ದುಡ್ಡು ಕೊಡುವವರು: ಐನೂರು, ಸಾವಿರ ಡಾಲರ್ ಇದ್ದರೆ ಬ್ಯಾಮ್ ಅಥವಾ ಅದರಂತೆ ಪರೀಕ್ಷೆಗೆ ಒಳಗಾದ ಶಾಲಾ ಗುಂಪಿಗೆ. ಗಟ್ಟಿ ಪುರಾವೆಗಿಂತ, ಬೇರೆ ಯಾರೂ ಕೊಡದ ಕಡೆ ಕೊಡಬೇಕು ಎನಿಸಿದರೆ ನಿಮ್ಮ ನಗರದ ಕ್ರೆಡಿಬಲ್ ಮೆಸೆಂಜರ್ ಗುಂಪಿಗೆ. ನಾನೀಗ ಕೊಡುವುದು ಎರಡನೆಯದಕ್ಕೆ. ಮೂರು ಕಡೆ ಹಂಚುವುದಕ್ಕಿಂತ ಒಂದೇ ಕಡೆ ಮೂರು ವರ್ಷ ಕೊಡಿ. ನಾಳೆಯ ಸಂಬಳಕ್ಕೆ ದುಡ್ಡಿದೆಯೋ ಇಲ್ಲವೋ ಎಂಬ ಸಂಸ್ಥೆಯಿಂದ ಮೆಂಟರ್‌ಗಳು ಮೊದಲು ಬಿಟ್ಟುಹೋಗುತ್ತಾರೆ. ದೊಡ್ಡ ಸಂಸ್ಥೆಗಳು ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990 ಯಾರು ಬೇಕಾದರೂ ನೋಡಬಹುದಾದ ದಾಖಲೆ. ದುಡ್ಡು ಎಲ್ಲಿಗೆ ಹೋಯಿತು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಶಾಲೆಯ ಟೀಚರಮ್ಮನಿಗೆ: ಒಂಬತ್ತನೇ ತರಗತಿಯವನು ಇನ್ನೂ ಶಾಲೆಗೆ ಬರುತ್ತಿದ್ದಾನೆ, ಜಗಳ, ಗೈರುಹಾಜರಿ ಹೆಚ್ಚಿದೆ ಎಂದರೆ ಗುಂಪಿನ ಕಾರ್ಯಕ್ರಮ ಇದೆಯೇ ಎಂದು ಕೌನ್ಸೆಲರನ್ನು ಇಂದೇ ಕೇಳಿ, ಬೇಸಿಗೆ ಕೆಲಸಕ್ಕೆ ಅರ್ಜಿ ಹಾಕಿಸಿ. ಬರುವುದನ್ನೇ ನಿಲ್ಲಿಸಿದ್ದರೆ, ಪೊಲೀಸರ ಕಣ್ಣಿಗೆ ಬಿದ್ದಿದ್ದರೆ, ಬಿಗ್ ಬ್ರದರ್ಸ್ ಪಟ್ಟಿಯಲ್ಲಿ ಕಾಯುತ್ತಾ ಕೂರಬೇಡಿ. ಅವನ ಬಡಾವಣೆಯನ್ನು ಬಲ್ಲ ಸಂಬಳದ ಮೆಂಟರ್ ಬೇಕು. ಅಮ್ಮನನ್ನು ಕೇಳದೆ ಏನೂ ಮಾಡಬೇಡಿ. ಇನ್ನೊಂದು ಸರ್ಕಾರಿ ಕಾಗದ ಬಂತು ಎಂದುಕೊಂಡರೆ ಅವರು ಬಾಗಿಲು ಹಾಕಿಬಿಡುತ್ತಾರೆ.

ಯಾವುದನ್ನು ಆರಿಸಿದರೂ ಮೊದಲು ಅವರಿಗೆ ಒಂದು ಫೋನ್ ಮಾಡಿ. ಹೋದ ವರ್ಷದ ಎಷ್ಟು ಮೆಂಟರ್‌ಗಳು ಈ ವರ್ಷವೂ ಇದ್ದಾರೆ ಎಂದು ಕೇಳಿ. ಹುಡುಗರನ್ನು ಹೇಗೆ ಆರಿಸುತ್ತೀರಿ, ಮೆಂಟರ್‌ಗೆ ತರಬೇತಿ ಎಷ್ಟು ಗಂಟೆ, ಶುರುವಾದ ಮೇಲೆ ತಿಂಗಳಿಗೊಮ್ಮೆಯಾದರೂ ಇಬ್ಬರನ್ನೂ ವಿಚಾರಿಸುವವರು ಯಾರು ಎಂದು ಕೇಳಿ. ಕೊನೆಗೆ, ಮೆಂಟರ್ ನಡುವೆ ಬಿಟ್ಟುಹೋಗಬೇಕಾಗಿ ಬಂದರೆ ಹುಡುಗನಿಗೆ ಯಾರು, ಹೇಗೆ ಹೇಳುತ್ತೀರಿ ಎಂದು ಕೇಳಿ. ಒಬ್ಬ ಸಂಯೋಜಕಿ ನನಗೆ ಹೇಳಿದ್ದರು: "ಮೆಂಟರೇ ಎದುರು ಕೂತು ಹೇಳಬೇಕು, ಅದಕ್ಕೆ ಕೊನೆಯ ಎರಡು ಭೇಟಿ ಮೀಸಲು. ನಾನೂ ಪಕ್ಕದಲ್ಲಿ ಇರ್ತೀನಿ, ಮುಂದಿನ ವಾರ ಅವನ ಮನೆಗೆ ಹೋಗ್ತೀನಿ." ಈಗ ನಾನು ಚೆಕ್ಕು ಬರೆಯುವುದು ಅವರ ಸಂಸ್ಥೆಗೆ.